ಸ್ಟುಡಿಯೋ ಕಟ್ಟೆ: ಘಟ್ಟದ ಮೇಲೆ ಅಳುತ್ತಿದ್ದವರ ಫೋಟೋ

ಪ್ರಶ್ನೆ: ಬೆಳಗಿನ ಬೆಳಕಿಗೆ ಅಂತ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯ ಸ್ನಾನಘಟ್ಟಕ್ಕೆ ಹೋಗಿದ್ದೆ. ಅಸ್ಥಿ ಬಿಡಲು ಬಂದ ಒಬ್ಬರು, ಆಗ ತಾನೇ ತಲೆ ಬೋಳಿಸಿಕೊಂಡವರು, ಮೆಟ್ಟಿಲ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಪುಟ್ಟ ಮಗಳು ಅವರ ಒದ್ದೆ ಪಂಚೆಯ ತುದಿ ಹಿಡಿದು ನಿಂತಿದ್ದಳು. ದೂರದಿಂದ ಝೂಮ್ ಮಾಡಿ ತೆಗೆದೆ, ಅವರಿಗೆ ಗೊತ್ತಾಗಲಿಲ್ಲ. ಸ್ಪರ್ಧೆಗೆ ಕಳಿಸೋಣ ಅಂದರೆ ಹೆಂಡತಿ ಬೇಡ ಅನ್ನುತ್ತಾಳೆ. ಸ್ನೇಹಿತರು, ‘ಪಬ್ಲಿಕ್ ಜಾಗ, ಯಾರು ಕೇಳ್ತಾರೆ? ಭೋಪಾಲಿನ ಮಗುವಿನ ಫೋಟೋ ತೆಗೀಲಿಲ್ವಾ?’ ಅನ್ನುತ್ತಾರೆ.
– ಹವ್ಯಾಸಿ, ಮಂಡ್ಯ

ಉತ್ತರ: ನಿಮ್ಮ ಹೆಂಡತಿ ಹೇಳಿದ್ದೇ ಸರಿ. ಕಳಿಸಬೇಡಿ.

ಫೋಟೋ ಚೆನ್ನಾಗಿಯೇ ಇರಬೇಕು. ಪಂಚೆಯ ತುದಿ ಗಮನಿಸುವ ಕಣ್ಣು ಎಲ್ಲರಿಗೂ ಇರೋಲ್ಲ. ಆದರೆ ‘ಅವರಿಗೆ ಗೊತ್ತಾಗಲಿಲ್ಲ’ ಅಂತ ಬರೆದಿದ್ದೀರಲ್ಲ, ತೊಡಕಿರುವುದು ಅಲ್ಲೇ.

ಭೋಪಾಲಿನ ಮಾತು ಬೇರೆ. 1984ರಲ್ಲಿ ರಘು ರಾಯ್ ತೆಗೆದ, ಮಣ್ಣು ಮಾಡುತ್ತಿದ್ದ ಆ ಮಗುವಿನ ಮುಖದ ಹಿಂದೆ ವಿಷಾನಿಲ ಬಿಟ್ಟ ಕಾರ್ಖಾನೆಯಿತ್ತು. ಸತ್ತ ಸಾವಿರಾರು ಜನರಿಗೆ ಉತ್ತರ ಕೊಡಬೇಕಾದವರಿದ್ದರು. ನಿಮ್ಮ ಫೋಟೋದಲ್ಲಿ ಯಾರದೋ ಅಪ್ಪನೋ ಅವ್ವನೋ ತೀರಿಕೊಂಡಿದ್ದಾರೆ. ಅದಕ್ಕೆ ಯಾರನ್ನು ಕೇಳೋಣ? 1948ರಲ್ಲಿ ಗಾಂಧೀಜಿಯವರ ಅಸ್ಥಿಯನ್ನೂ ಇದೇ ಪಶ್ಚಿಮವಾಹಿನಿಯಲ್ಲಿ ಬಿಟ್ಟರು. ಆವತ್ತು ಊರೇ ಅತ್ತಿತು, ಫೋಟೋ ತೆಗೆದರೆ ತಪ್ಪೇನಿಲ್ಲ. ಇದು ಒಂದು ಮನೆಯ ವಿಷಯ.

ನಾನು ಮಂಡ್ಯದಲ್ಲಿ ಸ್ಟುಡಿಯೋ ಇಟ್ಟಿದ್ದಾಗ ಹೆಣದ ಫೋಟೋಗೂ ಕರೆಯುತ್ತಿದ್ದರು. ಹಳ್ಳಿಯಿಂದ ಸೈಕಲ್ ತುಳಿದುಕೊಂಡು ಬಂದು, ‘ಅಣ್ಣ, ನಮ್ಮವ್ವಂದು ಒಂದು ಫೋಟೋನೂ ಇಲ್ಲ’ ಅನ್ನೋರು. ಹೋದರೆ ಜಗಲಿಯಲ್ಲಿ ಗೋಡೆಗೆ ಒರಗಿಸಿ ಕೂರಿಸಿರುತ್ತಿದ್ದರು. ಹಣೆಯಲ್ಲಿ ಕಾಸು, ಕೊರಳಲ್ಲಿ ಹಾರ. ಸೊಸೆ ಬಂದು ಸೆರಗು ಸರಿಮಾಡೋಳು. ಅಳುತ್ತಿದ್ದವರು ಕಣ್ಣೊರೆಸಿಕೊಂಡು, ತಲೆ ಬಾಚಿಕೊಂಡು ಸುತ್ತ ನಿಲ್ಲೋರು. ಹೇಗೆ ಕಾಣಬೇಕು ಅಂತ ತೀರ್ಮಾನಿಸುತ್ತಿದ್ದವರು ಅವರು, ನಾನಲ್ಲ. ಅಂಥದ್ದೊಂದನ್ನು ಶೋಕೇಸಿಗೆ ಹಾಕುವ ಯೋಚನೆ ನನಗೆ ಬಂದಿದ್ದೇ ಇಲ್ಲ. ಅಲ್ಲಿ ಇರುತ್ತಿದ್ದದ್ದು ಮದುಮಕ್ಕಳು, ಬೋರಲು ಬಿದ್ದ ಕೂಸುಗಳು.

ಯಾರೂ ಗುರುತು ಹಿಡಿಯೋಲ್ಲ ಅಂದುಕೊಂಡಿದ್ದೀರಾ? ಬಹುಮಾನ ಬಂದ ಫೋಟೋ ಸಂಜೆಯೊಳಗೆ ವಾಟ್ಸಾಪಿನಲ್ಲಿರುತ್ತೆ. ಪಾಂಡವಪುರದಲ್ಲೋ ನಾಗಮಂಗಲದಲ್ಲೋ ಒಬ್ಬರಾದರೂ ‘ಇವನು ನಮ್ಮ ಬೀಗರ ಮಗ ಅಲ್ವಾ?’ ಅಂತಾರೆ. ಆ ಹುಡುಗಿ ಸ್ಕೂಲಿಗೆ ಹೋಗಬೇಕು.

ಪಬ್ಲಿಕ್ ಜಾಗದಲ್ಲಿ ಕಂಡವರ ಫೋಟೋ ತೆಗೆದ ಮಾತ್ರಕ್ಕೆ ಯಾರೂ ಜೈಲಿಗೆ ಹಾಕೋಲ್ಲ, ನಿಜ. ಆದರೆ ಘಟ್ಟದಲ್ಲಿ ಹೆಂಗಸರು ಒದ್ದೆ ಸೀರೆ ಬದಲಿಸುತ್ತಿರುತ್ತಾರೆ. ಆವತ್ತು ತೆಗೆದ ಅಷ್ಟೂ ಫೋಟೋಗಳ ಅಂಚನ್ನು ದೊಡ್ಡದು ಮಾಡಿ ನೋಡಿ. ಒಪ್ಪಿಗೆಯಿಲ್ಲದೆ ಯಾರದೇ ಖಾಸಗಿ ಅಂಗದ ಚಿತ್ರ ಬೇಕೆಂದೇ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಲ್ಲಿ ಅಪರಾಧ. 3 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಪಬ್ಲಿಕ್ ಜಾಗ ಅನ್ನುವ ನೆಪ ಅಲ್ಲಿ ನಡೆಯೋಲ್ಲ.

ಘಟ್ಟದ ಫೋಟೋ ಬೇಕೇ ಬೇಕಾದರೆ ಇನ್ನೊಮ್ಮೆ ಹೋಗಿ. ಕುಡಿಕೆ ಹಿಡಿದ ಕೈ, ಬೆನ್ನು, ನೀರಿಗೆ ಬಿದ್ದ ಹೂವು, ಎಷ್ಟಿಲ್ಲ? ಮುಖವೇ ಬೇಕು ಅಂದರೆ ಕಾರ್ಯ ಮುಗಿಯಲಿ, ಹತ್ತಿರ ಹೋಗಿ ಸ್ಕ್ರೀನ್ ತೋರಿಸಿ ಕೇಳಿ. ‘ನಂಗೊಂದು ಕಳ್ಸಿ’ ಅಂದರೆ ಕಳಿಸಿ. ತಲೆ ಅಲ್ಲಾಡಿಸಿದರೆ ಅವರೆದುರಿಗೇ ಅಳಿಸಿ. ಈಗಿರುವುದನ್ನು ಏನು ಮಾಡೋಣ ಅಂತೀರಾ? ಅಂಥ ಫೋಟೋ ಇಟ್ಟುಕೊಳ್ಳುವ ಆಸೆ ನನಗೂ ಆಗುತ್ತೆ. ಅದಕ್ಕೇ ಹೇಳ್ತಿದ್ದೀನಿ, ಅಳಿಸಿಬಿಡಿ. ಇದ್ದರೆ ಇವತ್ತಲ್ಲ ನಾಳೆ ಯಾರಿಗಾದರೂ ತೋರಿಸ್ತೀರಿ.

ಪ್ರಶ್ನೆ: ಆಸ್ಪತ್ರೆಯಲ್ಲಿರುವ ನಮ್ಮತ್ತೆ ಆಕ್ಸಿಜನ್ ಮಾಸ್ಕ್ ಹಾಕಿಕೊಂಡಿರುವ ಫೋಟೋ ತೆಗೆದು ಮೈದುನ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಾನೆ. ಜಗಳವಾಗದಂತೆ ತೆಗೆಸುವುದು ಹೇಗೆ?
– ಗೃಹಿಣಿ, ಮೈಸೂರು

ಉತ್ತರ: ಗ್ರೂಪಿನಲ್ಲಿ ಏನೂ ಬರೆಯಬೇಡಿ, ಎಲ್ಲರೆದುರು ಅಂದರೆ ಅವನು ಹಟಕ್ಕೆ ಬೀಳ್ತಾನೆ. ನಿಮ್ಮ ಯಜಮಾನರ ಕೈಲಿ ಫೋನ್ ಮಾಡಿಸಿ: ‘ಅಮ್ಮ ಹುಷಾರಾಗಿ ಬಂದು ನೋಡಿದ್ರೆ ಬೇಜಾರು ಮಾಡ್ಕೊತಾರೆ ಕಣೋ, ತೆಗೆದುಬಿಡು.’ ಇವತ್ತೇ ಮಾಡಿಸಿ. ಎರಡು ಮೂರು ದಿನ ಕಳೆದರೆ ಎಲ್ಲರ ಫೋನಿನಿಂದಲೂ ಅಳಿಸುವ ಸೌಲಭ್ಯ ಸಿಗೋಲ್ಲ.