ಸಂಪಾದಕರ ಉತ್ತರ: ನೆಲಬಾಂಬಿಗೆ 8 ಗ್ರಾಂ ಕಬ್ಬಿಣ ಯಾಕೆ?

ಪ್ರಿಯ ಓದುಗರೆ,

ನೀವು ಪತ್ರದಲ್ಲಿ ಎರಡು ಪ್ರಶ್ನೆ ಎತ್ತಿದ್ದೀರಿ. ನೆಲಬಾಂಬ್ ನಿಷೇಧಿಸುವ ಒಟ್ಟಾವಾ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲವಾದ್ದರಿಂದ ನಮ್ಮ ಸೇನೆಗೆ ಯಾವ ಕಟ್ಟುಪಾಡೂ ಇಲ್ಲವೆ ಎಂಬುದು ಮೊದಲನೆಯದು. ಅದಕ್ಕೆ ಸೇರಿದ್ದ ಫಿನ್ಲೆಂಡ್, ಪೋಲೆಂಡ್‌ನಂಥ ದೇಶಗಳೇ ಹೊರನಡೆದಿರುವಾಗ ಈ ಕಾಗದಗಳಿಂದ ಯಾರ ಕಾಲು ಉಳಿದೀತು ಎಂಬುದು ಎರಡನೆಯದು. ನಿಮ್ಮ ಸಿಟ್ಟು ನಮಗೂ ಇದೆ. ಆದರೆ ಮೊದಲ ಪ್ರಶ್ನೆಯನ್ನು ಬಿಡಿಸಿಕೊಂಡರೆ ಮಾತ್ರ ಎರಡನೆಯದಕ್ಕೆ ಸರಿಯಾದ ಉತ್ತರ ಸಿಗುತ್ತದೆ.

ಕಟ್ಟುಪಾಡು ಇದೆ. ಅದು ಬಂದಿರುವುದು ಒಟ್ಟಾವಾದಿಂದಲ್ಲ, ಜಿನೀವಾದಿಂದ. 1980ರ ಅಕ್ಟೋಬರ್ 10ರಂದು ಅಲ್ಲಿ ಅಂಗೀಕಾರವಾದ ಸಾಂಪ್ರದಾಯಿಕ ಶಸ್ತ್ರಾಸ್ತ್ರಗಳ ಒಪ್ಪಂದವನ್ನು ಚಿಕ್ಕದಾಗಿ ಸಿಸಿಡಬ್ಲ್ಯು ಎನ್ನುತ್ತಾರೆ. ಅದರ ಮೂಲ ಪಠ್ಯದಲ್ಲಿ ಯಾವ ಆಯುಧದ ಮೇಲೂ ನಿಷೇಧ ಇಲ್ಲ. ನಿಷೇಧ, ನಿರ್ಬಂಧಗಳೆಲ್ಲ ಅದಕ್ಕೆ ಸೇರಿಸಿದ ಪ್ರೋಟೊಕಾಲ್‌ಗಳಲ್ಲಿ, ಎಂದರೆ ಉಪಒಪ್ಪಂದಗಳಲ್ಲಿ ಇವೆ. ಈಗ ಐದು ಪ್ರೋಟೊಕಾಲ್‌ಗಳಿವೆ. ಮೊದಲನೆಯದು ಒಂದೇ ವಾಕ್ಯದ್ದು: ಎಕ್ಸ್-ರೇಗೆ ಕಾಣದ ಚೂರುಗಳಿಂದ ಗಾಯ ಮಾಡುವುದೇ ಮುಖ್ಯ ಪರಿಣಾಮವಾದ ಆಯುಧವನ್ನು ಬಳಸುವಂತಿಲ್ಲ. ಎರಡನೆಯದು ನೆಲಬಾಂಬ್ ಮತ್ತು ಬೂಬಿಟ್ರ್ಯಾಪ್‌ಗಳದ್ದು (ಸಾಮಾನ್ಯ ವಸ್ತುವಿನಂತೆ ಕಂಡು, ಮುಟ್ಟಿದರೆ ಸಿಡಿಯುವ ಬಲೆಗಳು), ಮೂರನೆಯದು ಬೆಂಕಿ ಹಚ್ಚುವ ಆಯುಧಗಳದ್ದು. ಕಣ್ಣು ಕುರುಡಾಗಿಸಲೆಂದೇ ರೂಪಿಸಿದ ಲೇಸರ್‌ಗಳನ್ನು ನಾಲ್ಕನೆಯದು ನಿಷೇಧಿಸುತ್ತದೆ. ಅಂಥ ಆಯುಧ ರಣರಂಗಕ್ಕೆ ಇಳಿಯುವ ಮೊದಲೇ, 1995ರಲ್ಲಿ, ಅದಕ್ಕೆ ತಡೆ ಬಿತ್ತು. ಯುದ್ಧ ಮುಗಿದ ಮೇಲೆ ಸಿಡಿಯದೆ ಉಳಿದ ಮದ್ದುಗುಂಡುಗಳ ಹೊಣೆ ಯಾರದ್ದೆಂದು ಹೇಳುವ ಐದನೆಯದು ಬಂದದ್ದು 2003ರಲ್ಲಿ. ಈ ಐದನ್ನೂ ಭಾರತ ಒಪ್ಪಿದೆ. 1996ರಲ್ಲಿ ಬಿಗಿಗೊಳಿಸಿದ ಎರಡನೆಯ ಪ್ರೋಟೊಕಾಲನ್ನು 1999ರಲ್ಲಿ ಒಪ್ಪಿಕೊಂಡಿತು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅದರಲ್ಲೇ.

ಆ ತಿದ್ದುಪಡಿಯಾದ ಪ್ರೋಟೊಕಾಲ್ ನೆಲಬಾಂಬನ್ನು ನಿಷೇಧಿಸುವುದಿಲ್ಲ. ಎಂಥದ್ದು ಇರಬೇಕು, ಎಲ್ಲಿ, ಹೇಗೆ ಹೂಳಬೇಕು ಎನ್ನುತ್ತದೆ. ವ್ಯಕ್ತಿಗಳನ್ನು ಗುರಿಯಾಗಿಸಿಕೊಂಡ ಪ್ರತಿ ಬಾಂಬಿನಲ್ಲೂ, ಲೋಹ ಪತ್ತೆ ಮಾಡುವ ಸಾಮಾನ್ಯ ಡಿಟೆಕ್ಟರ್‌ಗೆ 8 ಗ್ರಾಂ ಕಬ್ಬಿಣದ ಒಂದೇ ಗಟ್ಟಿ ತುಂಡು ಕೊಡುವಷ್ಟು ಸಂಕೇತ ಕೊಡುವ ವಸ್ತು ಇರಲೇಬೇಕು. ಈ ಷರತ್ತು ಯಾಕೆಂದು ತಿಳಿಯಲು ಎಂ-14 ಮಾದರಿಯನ್ನು ನೋಡಿ. ಪ್ಲಾಸ್ಟಿಕ್ ಕವಚ, 56 ಮಿಲಿಮೀಟರ್ ಅಗಲ, 40 ಮಿಲಿಮೀಟರ್ ಎತ್ತರ, ತೂಕ ಸುಮಾರು 100 ಗ್ರಾಂ. ಮೂಲ ವಿನ್ಯಾಸದಲ್ಲಿ ಲೋಹವೆಂದರೆ ಒಂದು ಸಣ್ಣ ಉಕ್ಕಿನ ಮೊಳೆ ಮಾತ್ರ. ತಳಕ್ಕೆ ಉಕ್ಕಿನ ಬಿಲ್ಲೆ ಅಂಟಿಸಿದರೆ ಅದು ಪತ್ತೆಯಾಗುತ್ತದೆ, ಇಲ್ಲದಿದ್ದರೆ ದಶಕಗಳ ಕಾಲ ಮಣ್ಣಿನೊಳಗೆ ಕಾಯುತ್ತ ಕೂರುತ್ತದೆ. ಪತ್ತೆಯಾಗದ ಬಾಂಬುಗಳ ತಯಾರಿಕೆಯನ್ನು ಭಾರತ 1997ರ ಜನವರಿ 1ರಿಂದ ನಿಲ್ಲಿಸಿದೆ. 1996ರ ಮೇ 3ರಿಂದ ರಫ್ತನ್ನೂ ಅನಿರ್ದಿಷ್ಟಾವಧಿಗೆ ತಡೆಹಿಡಿದಿದೆ.

ಬಾಂಬ್ ತೆಗೆಯುವವರ ಕೆಲಸ ನೋಡಿದರೆ ಆ 8 ಗ್ರಾಮಿನ ಬೆಲೆ ಅರ್ಥವಾಗುತ್ತದೆ. ಸುಮಾರು ಒಂದು ಮೀಟರ್ ಅಗಲದ ಪಟ್ಟಿ ಗುರುತು ಮಾಡಿಕೊಂಡು, ಮೊದಲು ಎಡವುತಂತಿ ಇದೆಯೇ ನೋಡುತ್ತಾರೆ. ಆಮೇಲೆ ಹುಲ್ಲು, ಪೊದೆಗಳನ್ನು ಸ್ವಲ್ಪಸ್ವಲ್ಪವಾಗಿ ಕತ್ತರಿಸುತ್ತಾರೆ. ಆಮೇಲಷ್ಟೇ ಡಿಟೆಕ್ಟರ್ ಆಡಿಸುವುದು. ಸದ್ದು ಬಂದ ಜಾಗಕ್ಕೆ ಗುರುತು ಹಾಕಿ, ಅದರ ಹಿಂದಿನಿಂದ ಅಗೆಯುತ್ತ, ಚೂಪು ಸಲಾಕೆಯನ್ನು ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ತೂರಿಸುತ್ತಾರೆ. ನೇರವಾಗಿ ಚುಚ್ಚಿದರೆ ಒತ್ತುವ ತಟ್ಟೆಗೇ ತಗಲುತ್ತದೆ, ಓರೆಯಾಗಿದ್ದರೆ ಬಾಂಬಿನ ಪಕ್ಕಕ್ಕೆ ತಾಗುತ್ತದೆ. ಸಿಕ್ಕಿದ್ದನ್ನು ಹೆಚ್ಚಾಗಿ ಇದ್ದಲ್ಲೇ ಸಿಡಿಸುತ್ತಾರೆ. ಡಿಟೆಕ್ಟರ್ ಹುಡುಕುವುದು ಲೋಹವನ್ನೇ ಹೊರತು ಮದ್ದನ್ನಲ್ಲ. ಹಾಗಾಗಿ ಹಳೆಯ ಮೊಳೆಗೂ ಗುಂಡಿನ ಚೂರಿಗೂ ಅದು ಕೂಗುತ್ತದೆ, ಪ್ರತಿ ಕೂಗನ್ನೂ ಬಾಂಬೆಂದೇ ತಿಳಿದು ಅಗೆಯಬೇಕು. ಕಾಂಬೋಡಿಯಾದಂಥ ಕಡೆ ನಮ್ಮ ಮಲೆನಾಡು, ಕರಾವಳಿಯಲ್ಲಿರುವಂಥ ಜಂಬಿಟ್ಟಿಗೆ ಮಣ್ಣಿದೆ. ಅದರ ಕಬ್ಬಿಣಾಂಶವೇ ಸದ್ದು ಮಾಡಿಸುತ್ತದೆ. ಅಲ್ಲಿ ಮಣ್ಣಿನ ಪ್ರಭಾವವನ್ನು ಕಳೆದು ತೋರಿಸುವ ಡಿಟೆಕ್ಟರ್ ಬೇಕಾಗುತ್ತದೆ. ಬಾಂಬಿನ ಸಂಕೇತ ದುರ್ಬಲವಾಗಿದ್ದಷ್ಟೂ ಈ ಗದ್ದಲದಲ್ಲಿ ಅದು ಮುಳುಗಿಹೋಗುತ್ತದೆ.

ಎರಡನೆಯ ಷರತ್ತು ಬೇಲಿ. ತಾನಾಗಿ ನಾಶವಾಗದ ಬಾಂಬುಗಳನ್ನು ಗಡಿ ಗುರುತಿಸಿದ, ಬೇಲಿ ಹಾಕಿದ, ಸೈನಿಕರು ಕಾಯುವ ಪ್ರದೇಶದಲ್ಲಿ ಮಾತ್ರ ಹೂಳಬಹುದು. ಎಚ್ಚರಿಕೆ ಫಲಕದ ಅಳತೆಯನ್ನೂ ಪ್ರೋಟೊಕಾಲೇ ಹೇಳುತ್ತದೆ: ತ್ರಿಕೋನವಾದರೆ 28 ಸೆಂಟಿಮೀಟರ್‌ಗೆ 20, ಚೌಕವಾದರೆ ಪ್ರತಿ ಬದಿ 15 ಸೆಂಟಿಮೀಟರ್‌ಗಿಂತ ಕಡಿಮೆ ಇರಬಾರದು. ಬಣ್ಣ ಕೆಂಪು ಅಥವಾ ಕಿತ್ತಳೆ, ಅಂಚು ಹೊಳೆಯುವ ಹಳದಿ, ಬರಹ ಆ ಊರಿನವರ ಭಾಷೆಯಲ್ಲೂ ಇರಬೇಕು. ಹೂತ ಜಾಗ, ಸಂಖ್ಯೆ, ಬಗೆ, ದಿನಾಂಕ ಎಲ್ಲದರ ದಾಖಲೆ ಇಡಬೇಕು. ಕಾದಾಟ ನಿಂತ ಮೇಲೆ ತೆರವುಗೊಳಿಸುವುದು ಹೂತವರ ಹೊಣೆ.

ನಿಯಮ ಸೋಲುವುದು ಇಲ್ಲೇ. ಕಾಗದದ ಮೇಲಿನ ನಕ್ಷೆ ನಿಂತಲ್ಲೇ ನಿಂತಿರುತ್ತದೆ, ಗುಡ್ಡದ ಮಣ್ಣು ನಿಲ್ಲುವುದಿಲ್ಲ. ಜಮ್ಮು-ಕಾಶ್ಮೀರದ ನಿಯಂತ್ರಣ ರೇಖೆಯ ಉದ್ದಕ್ಕೂ ಮಳೆ, ಹಿಮ, ಭೂಕುಸಿತಗಳು ಬಾಂಬುಗಳನ್ನು ಇಳಿಜಾರಿಗೆ ಜಾರಿಸುತ್ತವೆ, ಬೇಲಿಯ ಕಂಬಗಳನ್ನು ಉರುಳಿಸುತ್ತವೆ. 2022ರಲ್ಲಿ ಪೂಂಛ್ ಭಾಗದಲ್ಲಿ ಕಾಡ್ಗಿಚ್ಚಿಗೇ ಬಾಂಬುಗಳು ಸಿಡಿದವು. ಬೇಲಿ ಬಿದ್ದಲ್ಲಿ ದನ ಮೇಯಿಸುವವರೂ ಸೌದೆ ಆರಿಸುವವರೂ ಒಳಗೆ ಕಾಲಿಡುತ್ತಾರೆ. ಹೀಗಾಗುತ್ತಿದೆಯೆ ಎಂದು ಹೊರಗಿನವರು ಬಂದು ಪರಿಶೀಲಿಸುವ ವ್ಯವಸ್ಥೆ ಸಿಸಿಡಬ್ಲ್ಯುನಲ್ಲಿ ಇಲ್ಲ. ಸದಸ್ಯ ರಾಷ್ಟ್ರಗಳು ವರ್ಷಕ್ಕೊಮ್ಮೆ ತಾವೇ ಬರೆದ ವರದಿ ಕೊಡುತ್ತವೆ, ಅಷ್ಟೇ. ಎಲ್ಲರೂ ಒಪ್ಪದೆ ಯಾವ ಹೊಸ ನಿಯಮವೂ ಬರುವುದಿಲ್ಲ ಎಂಬುದು ಅಲ್ಲಿನ ಇನ್ನೊಂದು ಕೊರತೆ.

ವಿಮಾನ, ಫಿರಂಗಿಗಳಿಂದ ದೂರಕ್ಕೆ ಚೆಲ್ಲುವ ಬಾಂಬುಗಳ ಲೆಕ್ಕ ಬೇರೆ. 30 ದಿನಗಳೊಳಗೆ ನೂರಕ್ಕೆ 90 ತಾವಾಗಿ ನಾಶವಾಗಬೇಕು, 120 ದಿನಗಳ ಮೇಲೆ ಸಾವಿರಕ್ಕೆ ಒಂದಕ್ಕಿಂತ ಹೆಚ್ಚು ಕೆಲಸ ಮಾಡುವ ಸ್ಥಿತಿಯಲ್ಲಿ ಉಳಿದಿರಬಾರದು. ಎಂದರೆ ಸಾವಿರ ಚೆಲ್ಲಿದರೆ ಮೊದಲ ತಿಂಗಳ ಕೊನೆಗೆ ನೂರು ಸಿಡಿಯದೆ ಬಿದ್ದಿದ್ದರೂ ನಿಯಮ ಪಾಲಿಸಿದಂತೆಯೇ. ಆ ನೂರರಲ್ಲಿ ಯಾವುದು ಜೀವಂತ, ಯಾವುದು ಸತ್ತದ್ದು ಎಂದು ಹೊಲಕ್ಕೆ ಹೋಗುವ ರೈತನಿಗೆ ಹೇಗೆ ಗೊತ್ತಾಗಬೇಕು?

ಈ ಅರೆಮನಸ್ಸಿನಿಂದ ಬೇಸತ್ತ ದೇಶಗಳು ಜಿನೀವಾವನ್ನು ಬಿಟ್ಟು ಬೇರೆ ಕಡೆ ಸೇರಿ ಬರೆದದ್ದೇ 1997ರ ಒಟ್ಟಾವಾ ಒಪ್ಪಂದ. ಬೇಲಿ ಹಾಕಿ ಹೂಳಬಹುದು ಎಂಬ ವಿನಾಯಿತಿ ಅದರಲ್ಲಿಲ್ಲ. ಬಳಕೆ, ತಯಾರಿಕೆ, ದಾಸ್ತಾನು, ವರ್ಗಾವಣೆ ಎಲ್ಲಕ್ಕೂ ನಿಷೇಧ. ದಾಸ್ತಾನನ್ನು 4 ವರ್ಷಗಳಲ್ಲಿ ನಾಶ ಮಾಡಬೇಕು, ಹೂತದ್ದನ್ನು 10 ವರ್ಷಗಳಲ್ಲಿ ತೆಗೆಯಬೇಕು. ಸದಸ್ಯ ರಾಷ್ಟ್ರಗಳು ಈವರೆಗೆ 5.5 ಕೋಟಿಗೂ ಹೆಚ್ಚು ಬಾಂಬುಗಳನ್ನು ದಾಸ್ತಾನಿನಲ್ಲೇ ನಾಶ ಮಾಡಿವೆ. ಮೊಜಾಂಬಿಕ್ 2015ರಲ್ಲಿ ತನ್ನ ನೆಲ ನೆಲಬಾಂಬ್‌ಮುಕ್ತ ಎಂದು ಘೋಷಿಸಿತು. ಯಾರ ಕಾಲು ಉಳಿದೀತು ಎಂದಿರಲ್ಲ, ಅಲ್ಲಿ ಉಳಿದಿದೆ. ಒಂದರೊಳಗೆ ಹಲವು ಸಣ್ಣ ಬಾಂಬು ತುಂಬಿದ ಕ್ಲಸ್ಟರ್ ಬಾಂಬ್‌ಗಳನ್ನು ನಿಷೇಧಿಸುವ 2008ರ ಒಪ್ಪಂದವೂ ಇದೇ ದಾರಿಯಲ್ಲಿ ಬಂತು. ಎರಡಕ್ಕೂ ಭಾರತ, ಪಾಕಿಸ್ತಾನ, ಚೀನಾ, ಅಮೆರಿಕ, ರಷ್ಯಾ ಸೇರಿಲ್ಲ.

ಈಗ ಹೊರನಡೆದವರ ವಿಷಯ. ರಷ್ಯಾದ ಭಯದಿಂದ ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾಗಳು 2025ರ ಡಿಸೆಂಬರ್‌ನಲ್ಲಿ ಒಟ್ಟಾವಾದಿಂದ ಹೊರಬಂದವು. ಅದರ ಮುಂದಿನ ಎರಡು ತಿಂಗಳಲ್ಲಿ ಫಿನ್ಲೆಂಡ್, ಪೋಲೆಂಡ್‌ಗಳೂ ಹೊರಬಂದವು. ಫಿನ್ಲೆಂಡ್ ಹತ್ತು ಲಕ್ಷಕ್ಕೂ ಹೆಚ್ಚು ಬಾಂಬುಗಳನ್ನು ನಾಶ ಮಾಡಿ ಮುಗಿಸಿದ್ದ ದೇಶ. ಇದು ದೊಡ್ಡ ಹಿನ್ನಡೆ, ಅದನ್ನು ಚಿಕ್ಕದು ಮಾಡಿ ಹೇಳಲು ನಮಗೆ ಮನಸ್ಸಿಲ್ಲ. ಯುದ್ಧದಲ್ಲಿ ತೊಡಗಿರುವ ದೇಶ ಆ ಯುದ್ಧ ಮುಗಿಯುವವರೆಗೆ ಹೊರಹೋಗುವಂತಿಲ್ಲ ಎಂದು ಒಪ್ಪಂದದ 20ನೇ ವಿಧಿ ಹೇಳುತ್ತದೆ. ಅದಕ್ಕೇ ಉಕ್ರೇನ್ 2025ರಲ್ಲಿ ಒಪ್ಪಂದವನ್ನು ಅಮಾನತಿನಲ್ಲಿ ಇಟ್ಟಿದ್ದೇನೆ ಎಂದಿತು. ಅಮಾನತಿಗೆ ಒಪ್ಪಂದದಲ್ಲಿ ಜಾಗವೇ ಇಲ್ಲ. ಇಷ್ಟಾದರೂ ಹೊರಬಂದ ಐದು ದೇಶಗಳು ನಿಯಮವೇ ಇಲ್ಲದ ಬಯಲಿಗೆ ಬಂದಿಲ್ಲ. 8 ಗ್ರಾಂ, ಬೇಲಿ, ದಾಖಲೆಗಳ ಆ ಜಿನೀವಾ ಪ್ರೋಟೊಕಾಲ್ ಅವುಗಳಿಗೆ ಈಗಲೂ ಅನ್ವಯಿಸುತ್ತದೆ. ಅಂದರೆ ಅವು ಇಳಿದು ನಿಂತಿರುವುದು ಭಾರತ 1999ರಿಂದ ನಿಂತಿರುವ ಮೆಟ್ಟಿಲಿನ ಮೇಲೆ.

ಆ ಮೆಟ್ಟಿಲು ಸಾಲದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಸೇನೆಗೆ ಪರ್ಯಾಯ ಸಿಗುವವರೆಗೆ ಬಾಂಬ್ ಬೇಕು ಎನ್ನುವ ದೆಹಲಿಯ ವಾದವನ್ನು ಒಂದು ಕ್ಷಣ ಒಪ್ಪಿಕೊಂಡರೂ, ಒಪ್ಪಿಕೊಂಡ ನಿಯಮವನ್ನು ಪೂರ್ತಿ ಪಾಲಿಸಲು ಯಾವ ಪರ್ಯಾಯವೂ ಬೇಕಿಲ್ಲ. ನಾಗರಿಕರು ಏನು ಮಾಡಬಹುದು ಎಂದೂ ಪತ್ರದ ಕೊನೆಗೆ ಕೇಳಿದ್ದೀರಿ. ನಿಮ್ಮ ಸಂಸದರಿಗೆ ಬರೆಯಿರಿ. ಗಡಿಯಲ್ಲಿ ಬೇಲಿ ಹಾಕಿದ ಬಾಂಬ್ ಪ್ರದೇಶಗಳನ್ನು ಮಳೆಗಾಲ, ಹಿಮಗಾಲದ ನಂತರ ಯಾರು ಪರೀಕ್ಷಿಸುತ್ತಾರೆ, ಕಳೆದ ಹತ್ತು ವರ್ಷಗಳಲ್ಲಿ ಕಾಲು ಕಳೆದುಕೊಂಡ ಹಳ್ಳಿಗರು ಎಷ್ಟು ಮಂದಿ, ಅವರಲ್ಲಿ ಎಷ್ಟು ಜನರಿಗೆ ಕೃತಕ ಕಾಲು ಮತ್ತು ಪರಿಹಾರ ಸಿಕ್ಕಿದೆ ಎಂದು ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಿಸಿರಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದುನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕಾಗುತ್ತದೆ, ಮೇಲೆ ಉಪಪ್ರಶ್ನೆಗಳನ್ನೂ ಎದುರಿಸಬೇಕಾಗುತ್ತದೆ.

– ಸಂಪಾದಕ