ಉ: ಸೌದಿ ಹುಡುಗನಿಗೆ ಕೆಲಸ ಕಲಿಸಲಾ, ಬೇಡವಾ?

ಹೊಸದಾಗಿ ಸೇರಿದ ಸೌದಿ ಹುಡುಗನಿಗೆ ಕೆಲಸ ಕಲಿಸಿದರೆ ನನ್ನ ಕುರ್ಚಿಗೇ ಕುತ್ತು ಬರುತ್ತಾ ಅಂತ ಕೇಳಿದ್ದೀರಿ. ಬರಬಹುದು, ಸುಳ್ಳು ಹೇಳಲ್ಲ. ಸ್ಥಳೀಯರಿಗೆ ಕೆಲಸ ಸಿಗಲಿ ಅಂತ ಸೌದಿ ಸರ್ಕಾರ 2011ರಲ್ಲಿ ತಂದ ನಿತಾಖತ್ ಪದ್ಧತಿಯಲ್ಲಿ ಸೌದಿ ಸಿಬ್ಬಂದಿಯ ಪ್ರಮಾಣ ನೋಡಿ ಕಂಪನಿಗೆ ಕೆಂಪು, ಹಸಿರು, ಪ್ಲಾಟಿನಂ ಅಂತ ದರ್ಜೆ ಕೊಡುತ್ತಾರೆ. ಕೆಂಪಿಗೆ ಬಿದ್ದರೆ ಹೊರದೇಶದವರನ್ನು ಕರೆಸಲು ಹೊಸ ವೀಸಾ ಬಂದ್. ಹಾಗಾಗಿ ಕೆಲವು ಮಾಲೀಕರು ಸ್ಥಳೀಯರನ್ನು ಹೆಸರಿಗಷ್ಟೇ ಇಟ್ಟುಕೊಂಡು ದುಡಿಮೆಯನ್ನೆಲ್ಲ ನಮ್ಮಂಥ ಹೊರದೇಶದವರ ತಲೆಗೆ ಕಟ್ಟುತ್ತಾರೆ. ನನ್ನ ಪಕ್ಕದ ಮೇಜಿನವನೂ ಹಾಗೇ ಬಂದವನು. ಎರಡು ತಿಂಗಳು ಅವನಿಗೆ ಕಂಪ್ಯೂಟರ್ ಪಾಸ್‌ವರ್ಡೇ ಕೊಟ್ಟಿರಲಿಲ್ಲ. ಮುಖ ಗಂಟಿಕ್ಕದೆ ಇನ್ನೇನು ಮಾಡಿಯಾನು?

ಕಲಿಸಿ. ಜೊತೆಗೆ, 2021ರ ಮಾರ್ಚ್‌ನಿಂದ ಕೆಲವು ಷರತ್ತುಗಳ ಮೇಲೆ ಮಾಲೀಕನ ಒಪ್ಪಿಗೆ ಇಲ್ಲದೆಯೂ ಕೆಲಸ ಬದಲಿಸಬಹುದು. ನಿಮ್ಮ ಕೆಲಸದ ಕರಾರು ಕಿವಾ (Qiwa) ಅನ್ನೋ ಸೌದಿ ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ದಾಖಲಾಗಿದೆಯಾ ಅಂತ ಇವತ್ತೇ ನೋಡಿಕೊಳ್ಳಿ.