ನಿಂತು ನೋಡುವುದಾದರೆ ಏನನ್ನು ನೋಡಬೇಕು?

ದಾವಣಗೆರೆಯ ಮೆಕ್ಯಾನಿಕಲ್ ವಿದ್ಯಾರ್ಥಿನಿಯೊಬ್ಬರ ಪತ್ರ: “ಭಾರೀ ಫ್ಯಾಬ್ರಿಕೇಷನ್ (ಉಕ್ಕು ಕತ್ತರಿಸಿ ಬೆಸೆಯುವ) ಕಾರ್ಖಾನೆಯಲ್ಲಿ ನಾಲ್ಕು ವಾರದ ಇಂಟರ್ನ್‌ಶಿಪ್ ಸಿಕ್ಕಿದೆ. ಅಲ್ಲಿ ಬರೀ ನಿಂತು ನೋಡುವುದೇ ಕೆಲಸ ಅಂತಾರೆ ಸೀನಿಯರ್‌ಗಳು. ಅದರ ಬದಲು ಬೆಂಗಳೂರಲ್ಲಿ ಕ್ಯಾಡ್ (ಕಂಪ್ಯೂಟರ್ ಡ್ರಾಯಿಂಗ್) ಕೋರ್ಸ್ ಸೇರಲೇ?”

ಕಾರ್ಖಾನೆಗೇ ಹೋಗಿ. ಕ್ಯಾಡ್ ಎಲ್ಲಿ ಕೂತರೂ ಕಲಿಯಬಹುದು. ಸೀನಿಯರ್‌ಗಳು ಹೇಳಿದ್ದೇನೂ ಸುಳ್ಳಲ್ಲ, ಲಕ್ಷಾಂತರ ಬೆಲೆಯ ಜಾಬನ್ನು (ತಯಾರಾಗುತ್ತಿರುವ ವಸ್ತುವಿಗೆ ಶಾಪಿನಲ್ಲಿ ಹೇಳುವುದೇ ಹಾಗೆ) ವಿದ್ಯಾರ್ಥಿಯ ಕೈಗೆ ಯಾರೂ ಕೊಡುವುದಿಲ್ಲ. ವಾರಕ್ಕೊಂದು ವಿಭಾಗ ಸುತ್ತಿಸುತ್ತಾರೆ, ಸುತ್ತಿ. ಜೊತೆಗೆ ಒಂದೇ ಒಂದು ಜಾಬಿನ ಬೆನ್ನು ಹತ್ತಿ.

ಅದರ ರೂಟ್ ಕಾರ್ಡ್ (ಜಾಬ್ ಹಾದುಹೋಗುವ ಹಂತಗಳ ಚೀಟಿ) ನಂಬರ್ ಬರೆದುಕೊಳ್ಳಿ. ಪ್ಲೇಟ್ ಕಟಿಂಗ್, ಫಿಟ್‌ಅಪ್ (ತುಂಡುಗಳ ಜೋಡಣೆ), ವೆಲ್ಡಿಂಗ್, ಸ್ಟ್ರೆಸ್ ರಿಲೀವಿಂಗ್ (ಬಿಸಿ ಮಾಡಿ ಒಳಗಿನ ಬಿಗಿತ ಕಳೆಯುವುದು), ಬೋರಿಂಗ್ (ರಂಧ್ರವನ್ನು ಅಳತೆಗೆ ಕೊರೆಯುವುದು): ಪ್ರತಿ ಹಂತದಲ್ಲೂ ಜಾಬ್ ಬಂದ ಹೊತ್ತು, ಕೆಲಸ ಶುರುವಾದ ಹೊತ್ತು, ಮುಗಿದ ಹೊತ್ತು ಗುರುತಿಸಿ. ನಾಲ್ಕನೇ ಕಾಲಂ ಕಾದಿದ್ದಕ್ಕೆ ಕಾರಣ. ದೊಡ್ಡ ಜಾಬ್ ಯಂತ್ರದ ಮೇಲಿರುವುದಕ್ಕಿಂತ ನೆಲದ ಮೇಲೆ ಬಿದ್ದಿರುವುದೇ ಹೆಚ್ಚು ಎಂಬುದು ಮೊದಲ ವಾರದಲ್ಲೇ ಕಾಣುತ್ತದೆ. ಕ್ರೇನ್ ಬಿಡುವಿಲ್ಲ, ಜಾಬನ್ನು ಹಿಡಿದಿಡುವ ಫಿಕ್ಸ್‌ಚರ್ ಬೇರೆ ಜಾಬಿಗೆ ಹೋಗಿದೆ, ಇನ್‌ಸ್ಪೆಕ್ಟರ್ ಬಂದಿಲ್ಲ. ನಾಲ್ಕು ವಾರದಲ್ಲಿ ಅದೇ ಜಾಬ್ ಮುಗಿಯದಿದ್ದರೆ ಅದೇ ಡ್ರಾಯಿಂಗಿನ, ಮುಂದಿನ ಹಂತದಲ್ಲಿರುವ ಇನ್ನೊಂದನ್ನು ಹಿಡಿಯಿರಿ.

ಎಡವುವುದು ಇಲ್ಲೇ: ಕಾಯುವುದೆಲ್ಲ ದಂಡವೆಂದು ವರದಿಯಲ್ಲಿ ಬರೆದುಬಿಡುತ್ತಾರೆ. ವೆಲ್ಡಿಂಗಿನ ಲೋ ಹೈಡ್ರೋಜನ್ ಎಲೆಕ್ಟ್ರೋಡನ್ನು (ಲೇಪವಿರುವ ಬೆಸುಗೆ ಕಡ್ಡಿ) ಸಾಮಾನ್ಯವಾಗಿ 300ರಿಂದ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಕ್ ಮಾಡಿ, ಬಿಸಿ ಆರದಂತಿಟ್ಟು ಬಳಸುತ್ತಾರೆ. ಹೊರಗೆ ಬಿಟ್ಟರೆ ಅದರ ಲೇಪ ತೇವ ಹೀರುತ್ತದೆ. ಆ ತೇವದ ಹೈಡ್ರೋಜನ್ ವೆಲ್ಡ್‌ಗೆ ಸೇರಿದರೆ ದಪ್ಪ ಪ್ಲೇಟು ತಣಿದ ಎಷ್ಟೋ ಗಂಟೆಗಳ ಮೇಲೆ, ಒಮ್ಮೊಮ್ಮೆ ಮರುದಿನ, ಒಳಗೆ ಬಿರುಕು ಬಿಡಬಹುದು. ಎಷ್ಟೋ ಕಡೆ 48 ಗಂಟೆ ಬಿಟ್ಟು ಅಲ್ಟ್ರಾಸಾನಿಕ್ ಪರೀಕ್ಷೆ (ಶಬ್ದದ ಅಲೆ ಹಾಯಿಸಿ ಒಳಗಿನ ಬಿರುಕು ಹುಡುಕುವುದು) ಮಾಡುವುದು ಅದಕ್ಕೇ. ಬೇಕಿಂಗ್ ಓವನ್ನಿನ ರಿಜಿಸ್ಟರ್ ಕೇಳಿ ನೋಡಿ.

ಅಳತೆಯದೂ ಅದೇ ಕಥೆ. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಬೋರಿಂಗ್ ಆಗಿ ಇಳಿದ ಜಾಬ್ ಅಳತೆಕೋಲಿಗಿಂತ 10 ಡಿಗ್ರಿ ಬಿಸಿಯಿದ್ದರೆ, 2 ಮೀಟರ್ ಅಂತರದಲ್ಲಿ 0.23 ಮಿ.ಮೀ. ತಪ್ಪು ತೋರುತ್ತದೆ. ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) 0.1 ಮಿ.ಮೀ. ಇದ್ದಲ್ಲಿ ಸರಿಯಾದ ಜಾಬೂ ರಿಜೆಕ್ಟ್. ಇನ್‌ಸ್ಪೆಕ್ಟರ್ “ನಾಳೆ ಬೆಳಿಗ್ಗೆ ನೋಡೋಣ” ಅಂದರೆ ಅದು ಸೋಮಾರಿತನವಲ್ಲ. (ಕೆಲವೊಮ್ಮೆ ಹೌದು. ಥರ್ಮಾಮೀಟರ್ ಇಟ್ಟು ನೋಡಿ.)

ವೇಲು, ಕೊರಳಿನ ಐಡಿ ದಾರ ಹಾಕಿಕೊಂಡು ತಿರುಗುವ ಯಂತ್ರದ ಬಳಿ ಹೋಗಬೇಡಿ. ಅಲ್ಲಿ ಕೈಗವಸೂ ಅಪಾಯವೇ. ಎತ್ತಿದ ಭಾರದ ಕೆಳಗೆ ಎಂದೂ ನಿಲ್ಲಬೇಡಿ. ಎರಡು ಕಾಲಿನ ಸ್ಲಿಂಗ್ (ಭಾರವನ್ನು ಕ್ರೇನಿಗೆ ತೂಗುಹಾಕುವ ಹಗ್ಗ ಅಥವಾ ಸರಪಳಿ) ನೆಲಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ 10 ಟನ್ ಭಾರಕ್ಕೆ ಒಂದೊಂದು ಕಾಲಿನ ಮೇಲೆ 5.8 ಟನ್ ಎಳೆತ. 30 ಡಿಗ್ರಿಗೆ ಚಪ್ಪಟೆಯಾದರೆ ಒಂದೊಂದರ ಮೇಲೂ ಪೂರ್ತಿ 10 ಟನ್.

ವರದಿಯಲ್ಲಿ ಕಂಪನಿಯ ಇತಿಹಾಸ ಅರ್ಧ ಪುಟ ಸಾಕು. ಅನುಮತಿಯಿಲ್ಲದೆ ಫೋಟೊ ತೆಗೆಯಬೇಡಿ, ಡ್ರಾಯಿಂಗ್ ನಕಲು ಮಾಡಬೇಡಿ. ಮೂರನೇ ವಾರವೇ ಆ ನಾಲ್ಕು ಕಾಲಂ ಪಾಳಿಯ ಎಂಜಿನಿಯರ್‌ಗೆ ತೋರಿಸಿ. ಕಾರಣದ ಕಾಲಂ ಅರ್ಧವಾದರೂ ಅವರು ತಿದ್ದುತ್ತಾರೆ; ಕೊನೆಯ ವಾರ ಇರುವುದು ಆ ತಿದ್ದುಪಡಿಗಳನ್ನು ಶಾಪಿನಲ್ಲಿ ಮತ್ತೆ ಹೋಗಿ ನೋಡಲು.